ಡ್ರೈವರ್ ಬದಲಾಯಿಸಿದರೆ ಟೈರ್ ಸರಿಹೋಗುತ್ತಾ?

(ಸಿಡ್ನಿಯಲ್ಲಿ ನಮ್ಮ ಕನ್ನಡ ಬಳಗದ ಭಾನುವಾರದ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಇಲ್ಲೇ, ಕಾಫಿ ಹೊತ್ತಿನಲ್ಲಿ ಶುರುವಾದ ಜಗಳ ಇದು. "ನಮ್ಮ ರಗ್ಬಿ ತಂಡ ಟೈಗರ್ಸ್‌ಗೆ ಇನ್ನೊಬ್ಬ ಕೋಚ್ ಬರಬೇಕು, ಆಗಲೇ ಉದ್ಧಾರ" ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು ಎಲ್ಲರ ತಟ್ಟೆಯಲ್ಲೂ ಉಪ್ಪಿಟ್ಟು ತಣ್ಣಗಾಯಿತು. ಕೊನೆಗೆ ಕಾರ್ಯದರ್ಶಿಗಳು ಬಂದು, "ಮುಂದಿನ ಸಲ ಮೈಕಿನ ಮುಂದೆಯೇ ಮಾತಾಡಿ, ಅರ್ಧ ಗಂಟೆ ಕೊಡುತ್ತೇವೆ" ಅಂದರು. ಅದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ಚೆಂಡು ಹಿಡಿದು ಓಡುವ ಈ ರಗ್ಬಿ ಲೀಗ್ ಆಟ ಅಂದರೇನು ಅಂತ ಈ ಸಭೆಗೆ ಹೇಳಬೇಕಾಗಿಲ್ಲ. ಇಲ್ಲಿರುವ ಹೆಚ್ಚಿನವರ ಮನೆ ಪಶ್ಚಿಮ ಸಿಡ್ನಿಯಲ್ಲೇ ಇದೆ. ಮಕ್ಕಳು ಶಾಲೆಗೆ ಸೇರಿದ ವರ್ಷವೇ ಒಂದು ಕ್ಲಬ್ಬನ್ನು ಮನೆಗೆ ಕರಕೊಂಡು ಬರುತ್ತಾರೆ. ಪ್ಯಾರಾಮಟ್ಟಾದವರಿಗೆ ಈಲ್ಸ್. ಪೆನ್ರಿತ್ ಕಡೆಯವರಿಗೆ ಪ್ಯಾಂಥರ್ಸ್. ನಮ್ಮದು ಕ್ಯಾಂಬೆಲ್‌ಟೌನ್ ಕಡೆ. ಹಾಗಾಗಿ ನಮಗೆ ವೆಸ್ಟ್ಸ್ ಟೈಗರ್ಸ್.

ಒಂದು ಸಂಜೆಯ ಕಥೆ ಹೇಳುತ್ತೇನೆ. 2024ರ ಸೆಪ್ಟೆಂಬರ್. ಸೀಸನ್‌ನ ಕೊನೆಯ ಸುತ್ತು. ಕ್ಯಾಂಬೆಲ್‌ಟೌನ್ ಮೈದಾನದಲ್ಲಿ ಟೈಗರ್ಸ್ ಮತ್ತು ಈಲ್ಸ್. ಸೋತವರಿಗೆ ಪಟ್ಟಿಯ ತಳ, ಅಂದರೆ ವುಡನ್ ಸ್ಪೂನ್, ಮರದ ಸೌಟು. ನಮ್ಮ ಪಕ್ಕದ ಮನೆಯ ಹುಡುಗನಿಗೆ ಆಗ ಹತ್ತು ವರ್ಷ. ಅವನ ಅಪ್ಪ ಅಮ್ಮ ಇಬ್ಬರಿಗೂ ಅವತ್ತು ಡ್ಯೂಟಿ. ನಾನೇ ಕರಕೊಂಡು ಹೋದೆ. ಹೊರಡುವ ಮೊದಲು ನಮ್ಮ ಅಡುಗೆಮನೆಯ ಮರದ ಸೌಟನ್ನು ಅವನ ಕಣ್ಣಿಗೆ ಬೀಳದ ಹಾಗೆ ಒಳಗಿಟ್ಟಿದ್ದೆ! ಕಿತ್ತಳೆ ಜೆರ್ಸಿ, ಅದರ ಮೇಲೆ ಅಜ್ಜಿ ಹೆಣೆದ ಸ್ವೆಟರ್, ಸ್ವೆಟರ್ ಬಿಚ್ಚು ಅಂದರೂ ಚಳಿ, ಬೇಡ ಅಂದರೆ ಜೆರ್ಸಿ ಕಾಣಲ್ಲ. ಕೊನೆಗೆ ಸ್ವೆಟರ್ ಮೇಲೇ ಜೆರ್ಸಿ ಹಾಕಿಕೊಂಡ.

60ಕ್ಕೆ 26. ನಾವು ಸೋತೆವು. 2022, 2023, 2024. ಸತತ ಮೂರನೇ ಸಲ ಕೊನೆಯ ಸ್ಥಾನ. ಹುಡುಗ ಅಳಲಿಲ್ಲ. ಕಾರ್ ಪಾರ್ಕಿಂಗ್‌ವರೆಗೂ ಕೈ ಹಿಡಿದುಕೊಂಡು ಸುಮ್ನೆ ಬಂದ. ಕಾರು ಸಿಗ್ನಲ್ ದಾಟಿದ ಮೇಲೆ ಹಿಂದಿನ ಸೀಟಿನಿಂದ ಕೇಳಿದ: "ಆಂಟಿ, ಈಗ ಬೆಂಜಿನ ತೆಗೆದುಹಾಕ್ತಾರಾ?"

ಬೆಂಜಿ ಮಾರ್ಷಲ್ ಕೋಚ್ ಆಗಿ ಅದು ಮೊದಲನೇ ವರ್ಷ. 2005ರ ಗ್ರ್ಯಾಂಡ್ ಫೈನಲ್‌ನಲ್ಲಿ ಬೆನ್ನ ಹಿಂದಿನಿಂದ ಪ್ಯಾಟ್ ರಿಚರ್ಡ್ಸ್‌ಗೆ ಚೆಂಡು ಚಿಮ್ಮಿಸಿದ ಅದೇ ಬೆಂಜಿ. ನಮ್ಮ ಕ್ಲಬ್ಬಿನ ಒಂದೇ ಒಂದು ಕಪ್ ಅದು. ಆ ಪಾಸ್ ಅನ್ನು ಈ ಹುಡುಗ ಫೋನಿನಲ್ಲಿ ಅದೆಷ್ಟು ಸಲ ನೋಡಿದ್ದಾನೋ. ಆದರೂ ಸೋತ ಕೂಡಲೇ ಅವನ ಬಾಯಿಂದ ಬಂದ ಮೊದಲ ಪ್ರಶ್ನೆ ಅದು. ಯಾರು ಕಲಿಸಿದರು ಅವನಿಗೆ? ಟಿವಿ ಕಲಿಸಿತು. ಪೇಪರ್ ಕಲಿಸಿತು. ಕಾಫಿ ಕುಡಿಯುತ್ತಾ ಮಾತಾಡುವ ನಾವೂ ಕಲಿಸಿದೆವು.

ಈಗ ಲೀಗ್‌ನ ಕಪ್ ಗೆದ್ದವರ ಒಂದು ಲೆಕ್ಕ ಹೇಳುತ್ತೇನೆ. ದಯವಿಟ್ಟು ಬೆರಳು ಮಡಚುತ್ತಾ ಬನ್ನಿ. 2021, ಪೆನ್ರಿತ್. 2022, ಪೆನ್ರಿತ್. 2023, 2024, ಮತ್ತೆ ಪೆನ್ರಿತ್. ಕೋಚ್ ಐವನ್ ಕ್ಲಿಯರಿ. 2025, ಬ್ರಿಸ್ಬೇನ್ ಬ್ರಾಂಕೋಸ್. ಕೋಚ್ ಮೈಕಲ್ ಮಗ್ವಾಯರ್. ಐದು ವರ್ಷ, ಐದು ಕಪ್, ಇಬ್ಬರು ಕೋಚ್. ಆ ಇಬ್ಬರೂ ಮೊದಲು ಎಲ್ಲಿದ್ದರು? ನಮ್ಮಲ್ಲಿ! ಒಬ್ಬರು ನಮ್ಮನ್ನು ಬಿಟ್ಟು ಹೋದರು. ಇನ್ನೊಬ್ಬರನ್ನು ನಾವೇ ಕಳಿಸಿದೆವು. ಐದಕ್ಕೆ ಐದು ಕಪ್ಪನ್ನೂ ಟೈಗರ್ಸ್‌ನ ಮಾಜಿ ಕೋಚ್‌ಗಳೇ ಎತ್ತಿದರು. ಇದಾದ ಮೇಲೂ "ನಮಗೆ ಒಳ್ಳೆ ಕೋಚ್ ಸಿಗಲಿಲ್ಲ" ಅಂದರೆ ಹೇಗೆ ಒಪ್ಪಲಿ, ಹೇಳಿ.

ಕ್ಲಿಯರಿಯವರ ಬಸ್ಸಿನ ಕಥೆ ನಿಮಗೆ ಗೊತ್ತು. ಆದರೂ ಹೇಳುತ್ತೇನೆ, ನನಗೆ ಅದು ಹೇಳದೆ ಇರಲಿಕ್ಕಾಗುವುದಿಲ್ಲ. 2017ರಲ್ಲಿ ಜೇಸನ್ ಟೇಲರ್ ಅವರನ್ನು ಮೂರು ಸುತ್ತು ಮುಗಿದ ಕೂಡಲೇ ತೆಗೆದರು. ಆ ಜಾಗಕ್ಕೆ ಕ್ಲಿಯರಿ ಬಂದರು. ಆಗ ನಾಲ್ವರು ದೊಡ್ಡ ಆಟಗಾರರ ಒಪ್ಪಂದ ಒಂದೇ ಸಲ ಮುಗಿಯುತ್ತಿತ್ತು: ಟೆಡೆಸ್ಕೊ, ವುಡ್ಸ್, ಮೋಸಸ್, ಬ್ರೂಕ್ಸ್. ಇರುತ್ತಾರೋ ಹೋಗುತ್ತಾರೋ ಅಂತ ದಿನಕ್ಕೊಂದು ಸುದ್ದಿ. ಕ್ಲಿಯರಿ ಒಂದು ಮಾತು ಹೇಳಿದರು. ಅದರ ಸಾರ ಇಷ್ಟೇ: ಇದು ನಮ್ಮ ಬಸ್ಸು, ಇದ್ದರೆ ಬಸ್ಸಿನಲ್ಲಿರಿ, ಇಲ್ಲವೇ ಇಳಿಯಿರಿ.

ನಮಗೆಲ್ಲ ಎಷ್ಟು ಹಿಡಿಸಿತು ಆ ಮಾತು! ಬಸ್ ಸ್ಟ್ಯಾಂಡಿನಲ್ಲಿ ಬೆಳೆದ ಜನ ನಾವು. ಬಸ್ಸು ಅಂದರೆ ನಮಗೆ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುವುದರಿಂದ ಹಿಡಿದು ಎಲ್ಲ ಗೊತ್ತು. ಮೂವರು ಇಳಿದರು. ಟೆಡೆಸ್ಕೊ ರೂಸ್ಟರ್ಸ್‌ಗೆ ಹೋಗಿ 2018, 2019 ಎರಡೂ ವರ್ಷ ಕಪ್ ಗೆದ್ದರು. ಬ್ರೂಕ್ಸ್ ಉಳಿದರು. ಇರಲಿ, ಡ್ರೈವರ್ ಇದ್ದಾರಲ್ಲ ಅಂತ ನಾವೂ ಕೂತೆವು. 2018ರ ಆಗಸ್ಟ್‌ನಲ್ಲಿ ಪೆನ್ರಿತ್ ತನ್ನ ಕೋಚ್ ಆಂಥನಿ ಗ್ರಿಫಿನ್ ಅವರನ್ನು ತೆಗೆದುಹಾಕಿತು. ತಂಡ ಮೊದಲ ಎಂಟರೊಳಗಿತ್ತು. ಫೈನಲ್ಸ್‌ಗೆ, ಅಂದರೆ ಮೊದಲ ಎಂಟು ತಂಡಗಳು ಕಪ್‌ಗಾಗಿ ಆಡುವ ಕೊನೆಯ ಪಂದ್ಯಗಳಿಗೆ, ನಾಲ್ಕೇ ವಾರ ಇತ್ತು. ಅಷ್ಟರಲ್ಲೇ ಕ್ಲಿಯರಿ ಹೆಸರು ಕೇಳಿಬಂತು. ಪೆನ್ರಿತ್‌ನಲ್ಲಿ ಆಡುತ್ತಿದ್ದದ್ದು ಅವರ ಮಗ ನೇಥನ್. ನಮ್ಮ ಜೊತೆ ಇನ್ನೂ ಎರಡು ವರ್ಷದ ಒಪ್ಪಂದ ಬಾಕಿ ಇರುವಾಗಲೇ ನಮ್ಮ ಡ್ರೈವರ್ ಇಳಿದು ಹೋದರು.

ನನಗೆ ಸಿಟ್ಟು ಬಂದಿತ್ತು. ತುಂಬಾ ದಿನ ಇತ್ತು. ಆದರೆ ಇದೇ ಪೆನ್ರಿತ್ 2015ರಲ್ಲಿ ಇದೇ ಕ್ಲಿಯರಿಯವರನ್ನು ತೆಗೆದುಹಾಕಿತ್ತು ಅನ್ನುವುದನ್ನು ಮರೆಯಬೇಡಿ. ದಣಿದ ಹಾಗೆ ಕಾಣುತ್ತಾರೆ ಅಂತ ಆಗ ಕಾರಣ ಕೊಟ್ಟಿದ್ದರು. ದಣಿದವರು ಅದೇ ಊರಿಗೆ ಮರಳಿ ಸತತ ನಾಲ್ಕು ಕಪ್ ಗೆದ್ದರು. ಮನುಷ್ಯ ಅದೇ. ಅಲ್ಲಿ ಊರಿನ ಮಕ್ಕಳ ಕ್ಲಬ್ಬುಗಳಿಂದಲೇ ಹುಡುಗರು ಬೆಳೆದು ಬಂದಿದ್ದರು. ಜರೋಮ್ ಲುವಾಯ್, ಬ್ರಯಾನ್ ಟೊ, ನೇಥನ್ ಕ್ಲಿಯರಿ. ಮಕ್ಕಳಾಗಿದ್ದಾಗಿನಿಂದ ಒಬ್ಬರಿಗೊಬ್ಬರು ಗೊತ್ತು. ಟೈರ್ ಗಟ್ಟಿ ಇತ್ತು, ಎಂಜಿನ್ ಸರಿಯಿತ್ತು. ಡ್ರೈವರ್ ಓಡಿಸಿದರು. ನಮ್ಮಲ್ಲಿ ಟೈರ್ ಪಂಕ್ಚರ್ ಆಗಿದೆ, ನಾವು ಡ್ರೈವರ್ ಬದಲಾಯಿಸುತ್ತಾ ಕೂತಿದ್ದೇವೆ.

ಲೆಕ್ಕ ಹಾಕಿ. ನಾವು ಕೊನೆಯ ಸಲ ಫೈನಲ್ಸ್ ನೋಡಿದ್ದು 2011ರಲ್ಲಿ. 2005ರ ಕಪ್ ತಂದ ಟಿಮ್ ಶೀನ್ಸ್ ಅವರನ್ನು 2012ರಲ್ಲಿ ಕಳಿಸಿದೆವು. ಆಮೇಲೆ ಪಾಟರ್, ಟೇಲರ್, ಕ್ಲಿಯರಿ, ಮಗ್ವಾಯರ್, ನಡುವೆ ಕೆಲವು ತಿಂಗಳಿಗೆ ಕಿಮೊರ್ಲಿ. ಆಮೇಲೆ ಯಾರು? 2023ಕ್ಕೆ ಮತ್ತೆ ಶೀನ್ಸ್! ಎಪ್ಪತ್ತು ದಾಟಿದ ಹಿರಿಯರನ್ನು ಕರೆಸಿ ಅದೇ ಪಂಕ್ಚರ್ ಬಸ್ಸಿನಲ್ಲಿ ಕೂರಿಸಿದೆವು. ಆ ವರ್ಷ ಟೌನ್ಸ್‌ವಿಲ್‌ನಲ್ಲಿ 74-0 ಸೋಲು. ಆ ರಾತ್ರಿ ನಮ್ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಹಾಗಾದರೆ ಟೈರ್ ಯಾವುದು? ಬಾಲ್‌ಮೇನ್ ಮತ್ತು ವೆಸ್ಟರ್ನ್ ಸಬರ್ಬ್ಸ್ ಎರಡೂ 1908ರ ಹಳೇ ಕ್ಲಬ್ಬುಗಳು. ತಂಡಗಳ ಸಂಖ್ಯೆ ಇಳಿಸುವ ಒತ್ತಡದಲ್ಲಿ 1999ರಲ್ಲಿ ಎರಡನ್ನೂ ಸೇರಿಸಿ ವೆಸ್ಟ್ಸ್ ಟೈಗರ್ಸ್ ಮಾಡಿದರು. ಒಂದರ ಮನೆ ಲೈಕ್‌ಹಾರ್ಟ್. ಇನ್ನೊಂದರ ಮನೆ ಸುಮಾರು 50 ಕಿಲೋಮೀಟರ್ ದೂರದ ಕ್ಯಾಂಬೆಲ್‌ಟೌನ್. ಕೂಡು ಕುಟುಂಬ ಮಾಡಿದರು, ಒಲೆ ಒಂದೇ ಮಾಡಲಿಲ್ಲ. ಯಜಮಾನಿಕೆ ಯಾರದ್ದು, ಹಣ ಯಾರದ್ದು, ಪಂದ್ಯ ಎಲ್ಲಿ ಅನ್ನುವ ಎಳೆದಾಟ ಮುಗಿಯಲೇ ಇಲ್ಲ. 2023ರ ಡಿಸೆಂಬರ್‌ನಲ್ಲಿ ಅಧ್ಯಕ್ಷರು, ಸಿಇಒ ಇಬ್ಬರೂ ಹೋದರು. ಅಷ್ಟು ಹೊತ್ತಿಗೆ ಆರು ಕೋಚ್‌ಗಳು ಬಂದು ಹೋಗಿದ್ದರು. ಮೊದಲು ನೋಡಬೇಕಾದ್ದನ್ನು ಕೊನೆಗೆ ನೋಡಿದೆವು.

ಈಗ ಪೇಪರ್, ಟಿವಿ ವಿಷಯ. ಇದನ್ನು ಹೇಳದಿದ್ದರೆ ನನಗೆ ಇವತ್ತು ನಿದ್ದೆ ಬರುವುದಿಲ್ಲ.

ಮಗ್ವಾಯರ್ ಅವರನ್ನೇ ತೆಗೆದುಕೊಳ್ಳಿ. ನಮ್ಮಲ್ಲಿದ್ದಾಗ 2021ರಲ್ಲಿ ಕ್ಲಬ್ಬಿನ ಒಳಗೇ ಕ್ಯಾಮೆರಾ ಬಿಟ್ಟಿದ್ದರು. ಡ್ರೆಸಿಂಗ್ ರೂಮಿನಲ್ಲಿ ಅವರು ಹುಡುಗರಿಗೆ ಬೈಯುವುದನ್ನು ದೇಶವೇ ನೋಡಿತು. ಆಗ ಏನಂದರು? ಇವರ ಕಾಲ ಮುಗಿಯಿತು, ಈಗಿನ ಹುಡುಗರಿಗೆ ಇದು ನಡೆಯಲ್ಲ. 2022ರ ಜೂನ್‌ನಲ್ಲಿ ಕೆಲಸ ಹೋಯಿತು. ಅದೇ ಮನುಷ್ಯ ನ್ಯೂಜಿಲೆಂಡ್ ತಂಡದ ಕೋಚ್ ಆಗಿದ್ದುಕೊಂಡು 2023ರಲ್ಲಿ ಆಸ್ಟ್ರೇಲಿಯಾವನ್ನು 30-0 ಸೋಲಿಸಿದರು. 2024ರಲ್ಲಿ ನ್ಯೂ ಸೌತ್ ವೇಲ್ಸ್‌ಗೆ ಆರಿಜಿನ್, ಅಂದರೆ ಕ್ವೀನ್ಸ್‌ಲ್ಯಾಂಡ್ ಎದುರಿನ ರಾಜ್ಯಗಳ ಸರಣಿ, ಗೆದ್ದುಕೊಟ್ಟರು. 2025ರಲ್ಲಿ ಬ್ರಿಸ್ಬೇನ್‌ನಲ್ಲಿ ಅದೇ ಕಟ್ಟುನಿಟ್ಟು, ಅದೇ ಮೈಮುರಿಯುವ ಅಭ್ಯಾಸ. ಕಪ್ ಬಂದ ಮೇಲೆ ಅದರ ಹೆಸರು ಶಿಸ್ತು! ನಮ್ಮಲ್ಲಿ ಬೈಗುಳ, ಅಲ್ಲಿ ಶಿಸ್ತು. ಗೆದ್ದ ಮೇಲೆ ಹೆಸರು ಬದಲಾಯಿಸುವುದನ್ನು ವಿಶ್ಲೇಷಣೆ ಅಂತ ನಾನು ಕರೆಯಲಾರೆ.

2025ರಲ್ಲಿ ಸೌತ್ಸ್, ಅಂದರೆ ಸೌತ್ ಸಿಡ್ನಿ ಕ್ಲಬ್, 14ನೇ ಸ್ಥಾನಕ್ಕೆ ಇಳಿಯಿತು. ಕೋಚ್ ವೇಯ್ನ್ ಬೆನೆಟ್. ಗಾಯಾಳುಗಳ ಪಟ್ಟಿ ನೋಡಿ, ಪಾಪ ಅವರೇನು ಮಾಡಿಯಾರು ಅಂದರು. ಸರಿಯಾಗೇ ಅಂದರು. ಅಷ್ಟು ದೊಡ್ಡ ಅನುಭವಕ್ಕೆ ಆ ತಾಳ್ಮೆ ಸಿಗಲೇಬೇಕು. ಆ ತಾಳ್ಮೆಯಲ್ಲಿ ಒಂದು ಪಾಲು ಹೊಸ ಕೋಚ್‌ಗಳಿಗೂ ಕೊಡಿ ಅನ್ನುವುದಷ್ಟೇ ನನ್ನ ಮಾತು.

ಆಟಗಾರರ ವಿಷಯದಲ್ಲೂ ಇದೇ. 2025ರಲ್ಲಿ ಲಾಕ್ಲನ್ ಗಾಲ್ವಿನ್ ಅನ್ನುವ 19 ವರ್ಷದ ಹುಡುಗ ಒಪ್ಪಂದ ಮುಂದುವರಿಸುವುದಿಲ್ಲ ಅಂದ. ನನಗೂ ಬೇಜಾರಾಯಿತು, ನಮ್ಮ ಹುಡುಗನಲ್ವಾ. ಆದರೆ ವಾರಗಟ್ಟಲೆ ಆ ಹುಡುಗನ ನಿಷ್ಠೆ ಬಗ್ಗೆ ಚರ್ಚೆ. ಕ್ಲಬ್ ಒಬ್ಬರ ಒಪ್ಪಂದ ಮುರಿದರೆ ಮಾತ್ರ ಅದು ವ್ಯವಹಾರ. ನಿಷ್ಠೆ ಅನ್ನುವ ಪದ ಆಗ ಎಲ್ಲಿಗೆ ಹೋಗುತ್ತದೆ?

ಯಾಕೆ ಹೀಗೆ? ಯಾರು ಎಲ್ಲಿ ಕೂತಿದ್ದಾರೆ ನೋಡಿ. ಬ್ರಾಂಕೋಸ್‌ನ ದೊಡ್ಡ ಪಾಲು ನ್ಯೂಸ್ ಕಾರ್ಪ್ ಅನ್ನುವ ಮಾಧ್ಯಮ ಕಂಪನಿಯ ಕೈಯಲ್ಲಿದೆ. ಬ್ರಿಸ್ಬೇನ್‌ನ ಮುಖ್ಯ ದಿನಪತ್ರಿಕೆಯೂ ಅವರದೇ. ಫಿಲ್ ಗೌಲ್ಡ್ ಬುಲ್‌ಡಾಗ್ಸ್ ಕ್ಲಬ್ಬಿನ ದೊಡ್ಡ ಹುದ್ದೆಯಲ್ಲಿದ್ದುಕೊಂಡೇ ಟಿವಿಯಲ್ಲಿ ಕಾಮೆಂಟರಿಯನ್ನೂ ಮಾಡಿದರು. ಆಟದ ಬಗ್ಗೆ ಅವರಿಗಿರುವ ತಿಳಿವಳಿಕೆಗೆ ನಾನು ಕೈ ಮುಗಿಯುತ್ತೇನೆ. ಪ್ರಶ್ನೆ ಅವರೊಬ್ಬರದ್ದಲ್ಲ. ಆಡಿಸುವವರು, ಮಾರುವವರು, ತೀರ್ಪು ಹೇಳುವವರು ಒಂದೇ ಮನೆಯವರಾದರೆ ಯಜಮಾನರ ಬಗ್ಗೆ ಬರೆಯುವವರು ಯಾರು? ಕೋಚ್ ಬಗ್ಗೆ ಬರೆಯುವುದು ಸುಲಭ. ಅವರು ಪ್ರತಿ ವಾರ ಮೈಕಿನ ಮುಂದೆ ಬಂದು ಕೂರಲೇಬೇಕು. ಬೋರ್ಡಿನವರು ಬರುವುದಿಲ್ಲ.

ಸೌತ್ ಸಿಡ್ನಿ ಕಥೆ ಇದಕ್ಕೆ ಸಾಕ್ಷಿ. 1908ರ ಮೊದಲ ಕಪ್ಪೇ ಅವರದು. ಆದರೂ 1999ರ ಸೀಸನ್ ಮುಗಿದಾಗ ಅವರನ್ನು ಲೀಗ್‌ನಿಂದ ಹೊರಹಾಕಿದರು. ಆಗ ಲೀಗ್‌ನ ಅರ್ಧ ಪಾಲು ಅದೇ ನ್ಯೂಸ್ ಸಂಸ್ಥೆಯದು. 2000ದ ನವೆಂಬರ್‌ನಲ್ಲಿ ಸಿಡ್ನಿಯ ಬೀದಿಯಲ್ಲಿ ಸುಮಾರು 80,000 ಜನ ಕೆಂಪು ಹಸಿರು ಉಟ್ಟು ನಡೆದರು. ಜಾರ್ಜ್ ಪಿಗಿನ್ಸ್ ಮುಂದೆ ನಿಂತು ಕೋರ್ಟಿಗೆ ಹೋದರು. 2002ಕ್ಕೆ ಕ್ಲಬ್ ಮರಳಿತು. 2014ರಲ್ಲಿ, 43 ವರ್ಷದ ನಂತರ, ಕಪ್ ಗೆದ್ದಿತು. ಅವತ್ತಿನ ಕೋಚ್ ಯಾರು ಗೊತ್ತಲ್ಲ? ಇದೇ ಮಗ್ವಾಯರ್!

ಚೀಟಿ ಬಂತು. ಐದು ನಿಮಿಷ ಅಂತೆ. ಇಂಗ್ಲೆಂಡಿಗೆ ಅರ್ಧ ಭಾಷಣ ಇಟ್ಟುಕೊಂಡಿದ್ದೆ, ಬೇಗ ಹೇಳುತ್ತೇನೆ.

ಬ್ರ್ಯಾಡ್‌ಫರ್ಡ್. 1997, 2001, 2003, 2005, ನಾಲ್ಕು ಸಲ ಸೂಪರ್ ಲೀಗ್, ಅಂದರೆ ಅಲ್ಲಿನ ದೊಡ್ಡ ಲೀಗ್, ಗೆದ್ದವರು. 2012ರಲ್ಲಿ ದುಡ್ಡಿಲ್ಲದೆ ನಿಂತಾಗ ಅಭಿಮಾನಿಗಳೇ ಕೈಯಿಂದ ಹಣ ಹಾಕಿ ಉಳಿಸಿದರು. ಆದರೂ 2017ರ ಜನವರಿಯಲ್ಲಿ ಕಂಪನಿ ಮುಚ್ಚಿತು. ಸಾಲ್ಫರ್ಡ್ 2024ರಲ್ಲಿ ನಾಲ್ಕನೇ ಸ್ಥಾನದಲ್ಲಿತ್ತು. 2025ರ ಮೊದಲ ಸೂಪರ್ ಲೀಗ್ ಪಂದ್ಯದಲ್ಲೇ 82-0 ಸೋತಿತು. ಹಣದ ಕಟ್ಟುಪಾಡಿನಿಂದ ಚಿಕ್ಕ ಹುಡುಗರನ್ನು ಇಳಿಸಬೇಕಾಗಿತ್ತು. ಕೋಚ್ ಪಾಲ್ ರೌಲಿ ಏನು ಮಾಡಬೇಕಿತ್ತು, ನೀವೇ ಹೇಳಿ. ಮತ್ತೆ ಅದೇ ಟೈರ್.

ಅಲ್ಲಿನ ದೊಡ್ಡ ಪತ್ರಿಕೆಗಳಿಗೆ ರಗ್ಬಿ ಅಂದರೆ ಅದರ ಇನ್ನೊಂದು ಬಗೆ, ಯೂನಿಯನ್. ಲೀಗ್ ಅಂದರೆ ಗಣಿ ಮತ್ತು ಗಿರಣಿ ಊರಿನವರ ಆಟ. ಶುರುವೇ ಹಾಗಿತ್ತು. 1895ರಲ್ಲಿ ಹಡರ್ಸ್‌ಫೀಲ್ಡ್‌ನ ಒಂದು ಹೋಟೆಲಿನಲ್ಲಿ ಕ್ಲಬ್ಬುಗಳು ಸೇರಿ ಯೂನಿಯನ್ ಬಿಟ್ಟದ್ದು ಯಾಕೆ? ಶನಿವಾರ ಕೆಲಸ ಬಿಟ್ಟು ಆಡುವ ಕೂಲಿಯವನಿಗೆ ಆ ದಿನದ ಕೂಲಿ ಕೊಡಿ ಅಂದದ್ದಕ್ಕೆ. ಅವತ್ತಿನಿಂದ 130 ವರ್ಷ ಲೀಗ್ ಆಟಗಾರ ಒಬ್ಬರಿಗೂ ಸರ್ ಪದವಿ ಸಿಗಲಿಲ್ಲ. ಕ್ಲೈವ್ ಸಲಿವನ್ 1972ರಲ್ಲಿ ಬ್ರಿಟನ್‌ಗೆ ವಿಶ್ವಕಪ್ ಗೆದ್ದುಕೊಟ್ಟ ಕಪ್ಪು ಜನಾಂಗದ ನಾಯಕ. ಅವರಿಗೂ ಸಿಗಲಿಲ್ಲ. 2025ರಲ್ಲಿ ಬಿಲ್ಲಿ ಬೋಸ್ಟನ್ ಅವರಿಗೆ ಕೊಟ್ಟರು. ವಿಗನ್ ಕ್ಲಬ್ಬಿಗೆ 478 ಟ್ರೈ ಹೊಡೆದವರು, ಅಂದರೆ ಅಷ್ಟು ಸಲ ಎದುರಾಳಿಯ ಗೆರೆಯಾಚೆ ಚೆಂಡು ನೆಲಕ್ಕೆ ಮುಟ್ಟಿಸಿದವರು. ಪದವಿ ಬರುವಾಗ ಅವರಿಗೆ 90 ವರ್ಷ. ಇದನ್ನು ಓದಿದ ದಿನ ನನಗೆ ಕಣ್ಣೀರು ಬಂತು. ಸಂತೋಷಕ್ಕೂ, ಅಷ್ಟು ತಡವಾಯಿತಲ್ಲ ಅನ್ನುವುದಕ್ಕೂ.

ಕೋಚ್‌ಗಳ ಕೆಲಸದ ಒಪ್ಪಂದ ಹೇಗಿರಬೇಕು ಅಂತ ಮೂರು ಅಂಶ ಬರೆದುಕೊಂಡು ಬಂದಿದ್ದೆ. ಅದನ್ನು ಬಿಟ್ಟುಬಿಡುತ್ತೇನೆ, ಅನ್ನ ಸಾರಿನ ವಾಸನೆ ಬರುತ್ತಿದೆ. ಆರ್‌ಸಿಬಿಗೆ 2008ರಿಂದ 2025ರವರೆಗೆ ಕಾದ ಜನಕ್ಕೆ ಕಾಯುವುದು ಹೇಗೆ ಅಂತ ನಾನು ಹೇಳಿಕೊಡಬೇಕಾಗಿಲ್ಲ.

ಆ ಹುಡುಗ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಜೆರ್ಸಿ ಈಗ ಸ್ವಲ್ಪ ಬಿಗಿಯಾಗಿದೆ. ಪುಟ್ಟಾ, ಅವತ್ತು ಕಾರಿನಲ್ಲಿ ನಿನ್ನ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ತೆಗೆದುಹಾಕಲಿಲ್ಲ ಕಣೋ. 2025ರಲ್ಲೂ ಬೆಂಜಿನೇ ಇದ್ದರು. ನಾವು 13ನೆಯವರಾದೆವು, ಕೊನೆಯವರಾಗಲಿಲ್ಲ. ಮುಂದಿನ ಸೀಸನ್‌ಗೆ ಲೈಕ್‌ಹಾರ್ಟ್‌ಗೆ ಹೋಗೋಣ. ಅಲ್ಲಿ ಗುಡ್ಡದ ಹುಲ್ಲಿನ ಮೇಲೆ ಕೂತು ನೋಡಬಹುದು. ಅಮ್ಮನ ಹತ್ತಿರ ಈಗಲೇ ಕೇಳಿಟ್ಟಿರು.