ಕಾಲು ನೋಡಿ, ಮೋಟರ್ ಹುಡುಕಬೇಡಿ

ಕೇಳುಗರಿಗೆ ನಮಸ್ಕಾರ.

ನೆದರ್ಲೆಂಡ್ಸ್‌ನ ಸ್ಖೆವೆನಿಂಗೆನ್ ಕಡಲತೀರದಲ್ಲಿ ಗಾಳಿ ಬೀಸಿದರೆ ಕೆಲವು ವಿಚಿತ್ರ ಪ್ರಾಣಿಗಳು ನಡೆದಾಡುತ್ತವೆ. ಮೂಳೆಗಳೆಲ್ಲ ಹಳದಿ ಪೈಪು, ಗೋಡೆಯೊಳಗೆ ವಿದ್ಯುತ್ ತಂತಿ ಎಳೆಯಲು ಹಾಕುವಂಥವು. ಕಟ್ಟಿದವರು ಥಿಯೊ ಯಾನ್ಸೆನ್. ಡೆಲ್ಫ್ಟ್‌ನಲ್ಲಿ ಭೌತವಿಜ್ಞಾನ ಓದುತ್ತಿದ್ದವರು, ಅದನ್ನು ಅರ್ಧಕ್ಕೆ ಬಿಟ್ಟು ಚಿತ್ರ ಬರೆಯಲು ಹೋದರು. ಇದರ ವಿಡಿಯೊ ತೋರಿಸಿದರೆ ನನ್ನ ವಿದ್ಯಾರ್ಥಿಗಳು ಕೇಳುವುದು ಒಂದೇ: ಮೋಟರ್ ಎಲ್ಲಿದೆ ಸಾರ್? ಮೋಟರ್ ಇಲ್ಲ. ಕಾಲು ನೋಡಿ ಎನ್ನುತ್ತೇನೆ.

ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ, ಆದ್ದರಿಂದ ಕಾಲು ಬೇಕು. ಆದರೆ ಹೆಜ್ಜೆಗೊಮ್ಮೆ ಮೈ ಏರಿಳಿದರೆ ಗಾಳಿಯ ಶಕ್ತಿಯೆಲ್ಲ ಅಲ್ಲೇ ಮುಗಿಯಿತು. ಒಳ್ಳೆಯ ಬೋಯಿಗಳು ಹೊತ್ತ ಪಲ್ಲಕ್ಕಿಯಂತೆ ಮೈ ಒಂದೇ ಎತ್ತರದಲ್ಲಿ ಸಾಗಬೇಕು. ಅಂದರೆ ಪಾದ ನೆಲದಲ್ಲಿರುವಷ್ಟು ಹೊತ್ತೂ ನೇರ ಗೆರೆಯಲ್ಲಿ ಹಿಂದೆ ಸರಿಯಬೇಕು, ಆಮೇಲೆ ಚಕ್ಕನೆ ಎದ್ದು ಮುಂದೆ ಬರಬೇಕು. ತಿರುಗುವ ಒಂದು ಅಚ್ಚಿನಿಂದ ಈ ನಡಿಗೆ ಹೊರಡಿಸಲು ಯಾವ ಪೈಪು ಎಷ್ಟು ಉದ್ದ ಇರಬೇಕು?

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಿಬಿಡುತ್ತೇನೆ. 1990ರಲ್ಲಿ ಈ ಮನುಷ್ಯ ಪತ್ರಿಕೆಯ ಅಂಕಣದಲ್ಲಿ, ಸಮುದ್ರ ಏರುತ್ತಿದೆ, ಮರಳು ಎಸೆದು ದಿಬ್ಬ ಕಟ್ಟುವ ಪ್ರಾಣಿಗಳನ್ನು ಮಾಡೋಣ ಎಂದು ಬರೆದರು. ಬರೆದು ಸುಮ್ಮನಿರಲಿಲ್ಲ, ಪೈಪು ಕೊಯ್ಯಲು ಕುಳಿತರು. ಮೊದಲ ಪ್ರಾಣಿಯ ಕೀಲುಗಳಿಗೆ ಅಂಟುಪಟ್ಟಿ ಸುತ್ತಿದ್ದರು. ಅದು ಎದ್ದು ನಿಲ್ಲಲಾರದೆ ಅಂಗಾತ ಬಿದ್ದು ಕಾಲಾಡಿಸುತ್ತಿತ್ತು, ಅಷ್ಟೇ! ಪೈಪಿನ ಉದ್ದವನ್ನು ಊಹಿಸಿ ಹಿಡಿಯುವುದು ಆಗದ ಮಾತು. ಪ್ರತಿ ಪೈಪಿಗೆ ಹತ್ತೇ ಉದ್ದ ಎಂದರೂ ಜೋಡಣೆಗಳು ಕೋಟಿ ಕೋಟಿ ಆಗುತ್ತವೆ. ಆಗ ಹಳೆಯ ಅಟಾರಿ ಕಂಪ್ಯೂಟರಿನಲ್ಲಿ ಮನಸ್ಸಿಗೆ ಬಂದ ಉದ್ದಗಳ 1,500 ಕಾಲುಗಳನ್ನು ಹುಟ್ಟಿಸಿದರು. ನಡಿಗೆಗೆ ಹತ್ತಿರ ಬಂದ 100ನ್ನು ಮಾತ್ರ ಉಳಿಸಿ, ಅವುಗಳ ಅಳತೆಗಳನ್ನು ಬೆರೆಸಿ ಹೊಸ ಪೀಳಿಗೆ ತಂದರು. ಮತ್ತೆ ಆರಿಸುವುದು, ಮತ್ತೆ ಬೆರೆಸುವುದು. ಕಂಪ್ಯೂಟರು ಹಗಲೂ ರಾತ್ರಿ ಓಡಿ, ತಿಂಗಳುಗಳ ಕೊನೆಗೆ ಉಗುಳಿದ್ದು 11 ಅಳತೆ. ಅವನ್ನು ಅವರು ಪವಿತ್ರ ಸಂಖ್ಯೆಗಳು ಎನ್ನುತ್ತಾರೆ. ಅತಿಯಾಯಿತು ಎಂದು ನನಗೆ ಅನಿಸುವುದಿಲ್ಲ. 1991ರಲ್ಲಿ ಪ್ರಾಣಿ ನಡೆಯಿತು.

ಸಮಯ ಮುಗಿಯುತ್ತಿದೆ ಎಂದು ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ಮುಂದೆ ಬಂದ ಪ್ರಾಣಿಗಳು ರೆಕ್ಕೆ ಬಡಿದು ಪಾನೀಯದ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಗಾಳಿ ತುಂಬಿಕೊಳ್ಳುತ್ತವೆ, ಬೀಸುವುದು ನಿಂತ ಮೇಲೂ ನಾಲ್ಕು ಹೆಜ್ಜೆ ಹೋಗುತ್ತವೆ. ಒಂದು ಕೊಳವೆ ನೆಲದ ಬಳಿ ಗಾಳಿ ಹೀರುತ್ತಿರುತ್ತದೆ. ನೀರು ಹೀರಿದರೆ ಪ್ರಾಣಿ ಸಮುದ್ರದಿಂದ ಹಿಂದೆ ಸರಿಯುತ್ತದೆ. ಚೆಂದವೇ. ಆದರೆ ಕಾಲು ಸರಿಯಿಲ್ಲದಿದ್ದರೆ ಸರಿಯುವುದು ಹೇಗೆ?

ಅಳತೆಗಳನ್ನು ಅವರೇ ಪ್ರಕಟಿಸಿದ್ದಾರೆ, ಯಾರು ಬೇಕಾದರೂ ಕಟ್ಟಬಹುದು: 38, 41.5, 39.3, 40.1 ಎಂದು ಪಟ್ಟಿ ಸಾಗುತ್ತದೆ. ಮಿಲಿಮೀಟರೋ ಇಂಚೋ, ನಿಮ್ಮ ಇಷ್ಟ. ಪ್ರಮಾಣ ಕೆಡದಿದ್ದರೆ ಸಾಕು. ದಯವಿಟ್ಟು 39.3ನ್ನು ಸುಲಭಕ್ಕೆಂದು 40 ಮಾಡಬೇಡಿ. ನಮಸ್ಕಾರ.