ಓವನ್ ಬಿಡಿ, ಮೊದ್ಲು ಆ ಚಕ್ಕೆ ಪುಡಿ ಡಬ್ಬಿ ಮೂಸಿ ನೋಡಿ

ನಮಸ್ಕಾರ ಎಲ್ರಿಗೂ. ಇವತ್ತು ರೆಸಿಪಿ ವಿಡಿಯೋ ಅಲ್ಲ, ಒಂದು ವಿಷಯ ಮಾತಾಡ್ಲೇಬೇಕು ಅಂತ ಕೂತಿದೀನಿ, ಯಾಕಂದ್ರೆ ಚಳಿ ಶುರುವಾದ್ರೆ ಸಾಕು ನಂಗೆ ಬರೋ ಮೆಸೇಜೆಲ್ಲ ಒಂದೇ ಥರ. ಅಕ್ಕಾ, ಚಕ್ಕೆ ಹಾಕಿ ಕೇಕ್ ಮಾಡಿದೆ, ಕಲರ್ ಬಂತು, ಚೆನ್ನಾಗಿ ಉಬ್ಬಿತು, ಆದ್ರೆ ಆ ಘಮ ಬರ್ಲಿಲ್ಲ, ಓವನ್ ಸರಿ ಇಲ್ವಾ, ಟಿನ್ ಬದಲಾಯಿಸ್ಲಾ, ಟೆಂಪರೇಚರ್ ಎಷ್ಟಿಡ್ಲಿ. ನಾನು ಎಲ್ರಿಗೂ ಒಂದೇ ಪ್ರಶ್ನೆ ವಾಪಸ್ ಕೇಳ್ತೀನಿ, ನಿಮ್ಮ ಚಕ್ಕೆ ಪುಡಿ ಡಬ್ಬಿ ಓಪನ್ ಮಾಡಿ ಎಷ್ಟು ತಿಂಗಳಾಯ್ತು?

ಹೆಚ್ಚಿನವರಿಗೆ ನೆನಪೇ ಇರಲ್ಲ. ಹೋದ ಚಳಿಗಾಲದ್ದೋ, ಅದಕ್ಕಿಂತ ಹಿಂದಿಂದೋ. ಮೈದಾ ಹೊಸದು ತರ್ತೀವಿ, ಬೆಣ್ಣೆ ಫ್ರೆಶ್ ಬೇಕು ಅಂತೀವಿ, ಮೊಟ್ಟೆನ ನೀರಲ್ಲಿ ಹಾಕಿ ಚೆಕ್ ಮಾಡ್ತೀವಿ, ಆದ್ರೆ ಇಡೀ ಕೇಕ್‌ಗೆ ಜೀವ ಕೊಡೋ ಮಸಾಲೆ ಮಾತ್ರ ಒಲೆ ಪಕ್ಕದ ಶೆಲ್ಫಲ್ಲಿ ಬಿಸಿ ತಿಂದ್ಕೊಂಡು ವರ್ಷಗಟ್ಟಲೆ ಕೂತಿರತ್ತೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ಬಿಡ್ತೀನಿ. ಸೀಸನ್ ಬೇಕಿಂಗ್ ಅಂದ್ರೆ ಆ ಸೀಸನ್‌ಗೆ ಅಂತ ಪುಡಿ ಮಾಡದ ಇಡಿ ಮಸಾಲೆ ಸ್ವಲ್ಪವೇ ತಂದು, ಆವತ್ತಾವತ್ತಿಗೆ ಪುಡಿ ಮಾಡಿ, ಸೀಸನ್ ಮುಗಿಯೋದ್ರೊಳಗೆ ಖಾಲಿ ಮಾಡೋದು. ಹಾಗೆ ಮಾಡಲ್ಲ ಅಂದ್ರೆ ಮನೇಲಿ ಅಷ್ಟು ಕಷ್ಟಪಟ್ಟು ಮಾಡೋದ್ರಲ್ಲಿ ಅರ್ಧ ಸುಖ ಹೋಯ್ತು.

ಇದು ಸುಮ್ನೆ ಹೇಳ್ತಿರೋದಲ್ಲ, ನಾನು ಮಾಡಿ ನೋಡಿದೀನಿ. ಒಂದೇ ಹಿಟ್ಟಿನ ಮಿಶ್ರಣ ಎರಡು ಭಾಗ ಮಾಡಿ, ಒಂದಕ್ಕೆ ನನ್ನ ಹತ್ರಾನೇ ಇದ್ದ ಹಳೇ ಪುಡಿ, ಇನ್ನೊಂದಕ್ಕೆ ಆಗಷ್ಟೇ ಕುಟ್ಟಿದ್ದು, ಅಳತೆ ಒಂದೇ, ಓವನ್ ಒಂದೇ. ಎರಡೂ ನೋಡೋಕೆ ಅವಳಿ ಜವಳಿ. ಹಳೇ ಪುಡಿದು ಬಾಯಿಗಿಟ್ರೆ ಸಿಹಿ ಇದೆ, ಮೆತ್ತಗಿದೆ, ಹಿಂದೆ ಎಲ್ಲೋ ಮರದ ಹೊಟ್ಟಿನ ಥರ ಒಂದು ಒಗರು, ಅಷ್ಟೇ. ಹೊಸದು ಮುರಿತಿದ್ದ ಹಾಗೇ ಆವಿ ಜೊತೆ ಘಮ್ ಅಂತ ಮೂಗಿಗೆ ಬಂತು, ನುಂಗಿ ಒಂದು ನಿಮಿಷ ಆದ್ಮೇಲೂ ನಾಲಿಗೆ ಮೇಲೆ ಆ ಬೆಚ್ಚಗಿನ ಸಿಹಿ ಖಾರ ಇತ್ತು. ಆವತ್ತೇ ಆ ಹಳೇ ಡಬ್ಬಿ ಖಾಲಿ ಮಾಡಿ ತೊಳೆದಿಟ್ಟೆ.

ಕಾರಣ ಸಿಂಪಲ್. ಚಕ್ಕೆಯ ಘಮ ಅಂದ್ರೆ ಮುಖ್ಯವಾಗಿ ಸಿನಮಾಲ್ಡಿಹೈಡ್ ಅನ್ನೋ ಅಂಶ, ಲವಂಗದ್ದು ಯೂಜಿನಾಲ್, ಇವೆಲ್ಲ ಗಾಳಿಗೆ ಹಾರಿ ಹೋಗೋ ಎಣ್ಣೆಗಳು. ಇಡೀ ತೊಗಟೆ ಒಳಗೆ ಇರೋವರೆಗೂ ಭದ್ರ, ಪುಡಿ ಆದ ತಕ್ಷಣ ಸಾವಿರಾರು ಕಡೆಯಿಂದ ಗಾಳಿ ತಾಗತ್ತೆ, ದಿನ ಹೋದಂಗೆ ಹಾರಿ ಹೋಗತ್ತೆ. ಜಾಯಿಕಾಯಿ ಅಂತೂ ಇನ್ನೂ ನಾಜೂಕು, ಅದನ್ನ ಪುಡಿಯಾಗಿ ಕೊಳ್ಳೋದೇ ಬೇಡ, ಒಂದು ಕಾಯಿ ಇಟ್ಕೊಳ್ಳಿ, ಬೇಕಾದಾಗ ಸಣ್ಣ ತೂತಿನ ತುರಿಮಣೆ ಮೇಲೆ ನಾಲ್ಕು ಸಲ ಉಜ್ಜಿ. ಉಜ್ಜಿದ ಜಾಗದಲ್ಲಿ ಕಂದು ಗೆರೆಗಳು ನದಿ ನಕ್ಷೆ ಥರ ಕಾಣ್ತವಲ್ಲ, ಆ ಗೆರೆಗಳಲ್ಲೇ ಎಣ್ಣೆ ಇರೋದು. ಲವಂಗ ಚೆನ್ನಾಗಿದ್ಯಾ ಅಂತ ತಿಳ್ಕೊಳ್ಳೋಕೆ ಅದರ ಕಡ್ಡಿನ ಉಗುರಲ್ಲಿ ಒತ್ತಿ, ಸ್ವಲ್ಪ ಜಿಡ್ಡು ಬರ್ಬೇಕು, ಒಣಕಲು ಕಡ್ಡಿ ಥರ ಮುರಿದ್ರೆ ಅದರಲ್ಲಿ ಏನೂ ಉಳಿದಿಲ್ಲ.

ಇನ್ನು ಚಕ್ಕೆ. ಚಕ್ಕೆ ಅಂತ ನಾವು ಕರಿಯೋದು ಒಂದೇ ಗಿಡದ್ದಲ್ಲ, ಇದನ್ನ ತುಂಬಾ ಜನ ಗಮನಿಸಲ್ಲ. ದಪ್ಪಗೆ, ಗಟ್ಟಿಯಾಗಿ, ಒಂದೇ ಪದರ ಸುರುಳಿ ಸುತ್ಕೊಂಡಿರೋದು ಕ್ಯಾಸಿಯಾ, ಚೀನಾ, ಇಂಡೋನೇಷ್ಯಾ, ವಿಯೆಟ್ನಾಂ ಕಡೆಯಿಂದ ಬರೋದು, ಕೈಯಲ್ಲಿ ಮುರಿಯೋಕೆ ಹೋದ್ರೆ ಬೆರಳು ನೋಯತ್ತೆ. ಇನ್ನೊಂದು ಶ್ರೀಲಂಕಾದ ಸಿಲೋನ್ ಚಕ್ಕೆ, ಕಾಗದದಷ್ಟು ತೆಳು ಪದರಗಳು ಒಂದರೊಳಗೊಂದು ತುಂಬ್ಕೊಂಡು ಚುಟ್ಟಾ ಥರ ಇರತ್ತೆ, ಹಿಂಡಿದ್ರೆ ಕೈಯಲ್ಲೇ ಪುಡಿಪುಡಿ. ಕ್ಯಾಸಿಯಾ ಜೋರು, ಖಾರ, ನೇರ. ಸಿಲೋನ್ ಮೆದು, ಸ್ವಲ್ಪ ನಿಂಬೆ ಸಿಪ್ಪೆ, ಸ್ವಲ್ಪ ಹೂವಿನ ಥರ. ಬ್ರೌನ್ ಶುಗರ್, ಒಣಶುಂಠಿ, ಲವಂಗ ಎಲ್ಲ ಹಾಕಿದ ಗಾಢ ಕೇಕ್‌ಗೆ ನಂಗೆ ಕ್ಯಾಸಿಯಾನೇ ಬೇಕು, ಸಿಲೋನ್ ಹಾಕಿದ್ರೆ ಆ ಗದ್ದಲದಲ್ಲಿ ಅದರ ಸದ್ದೇ ಕೇಳ್ಸಲ್ಲ. ಸೇಬು ಕೇಕ್, ಬೆಣ್ಣೆ ಬಿಸ್ಕತ್ತು ಅಂಥದ್ದಕ್ಕೆ ಸಿಲೋನ್. ಸಿಲೋನ್ ಒಂದೇ ಅಸಲಿ, ಮಿಕ್ಕಿದ್ದೆಲ್ಲ ನಕಲಿ ಅನ್ನೋ ಮಾತು ನಾನು ಒಪ್ಪಲ್ಲ, ಎರಡಕ್ಕೂ ಅದರದರ ಕೆಲಸ ಇದೆ.

ಆದ್ರೆ ಒಂದು ವ್ಯತ್ಯಾಸ ಮಾತ್ರ ಸೀರಿಯಸ್ ಆಗಿ ತಗೊಳ್ಳಿ. ಕ್ಯಾಸಿಯಾದಲ್ಲಿ ಕೂಮರಿನ್ ಅನ್ನೋ ಅಂಶ ಜಾಸ್ತಿ, ಸಿಲೋನ್‌ನಲ್ಲಿ ಇಲ್ಲ ಅನ್ನೋಷ್ಟು ಕಮ್ಮಿ. ಇದು ದಿನಾ ಜಾಸ್ತಿ ಹೊಟ್ಟೆಗೆ ಹೋದ್ರೆ ಕೆಲವರ ಲಿವರ್‌ಗೆ ಒಳ್ಳೇದಲ್ಲ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟಿರೋ ಮಿತಿ ದಿನಕ್ಕೆ ದೇಹದ ತೂಕದ ಪ್ರತಿ ಕೆಜಿಗೆ 0.1 ಮಿಲಿಗ್ರಾಂ. ಅಲ್ಲಿನ 2008ರ ಕಾನೂನಲ್ಲಿ ನಂಗೆ ತುಂಬಾ ಹಿಡಿಸಿದ ಒಂದು ವಿಷಯ ಇದೆ. ಚಕ್ಕೆ ಇದೆ ಅಂತ ಲೇಬಲ್ ಮೇಲೆ ಹೇಳಿರೋ ಸಾಂಪ್ರದಾಯಿಕ ಅಥವಾ ಸೀಸನ್ ಬೇಕರಿ ತಿಂಡಿಗೆ ಕೆಜಿಗೆ 50 ಮಿಲಿಗ್ರಾಂ ಕೂಮರಿನ್ ತನಕ ಇರಬಹುದು, ಬೇರೆ ಕೇಕು ಬಿಸ್ಕತ್ತಿಗೆಲ್ಲ 15 ಅಷ್ಟೇ. ನೋಡಿ, ಕೆಲವೇ ದಿನ ತಿನ್ನೋದಕ್ಕೆ ಕೈ ಸ್ವಲ್ಪ ಧಾರಾಳ ಆದ್ರೂ ನಡಿಯತ್ತೆ, ವರ್ಷಪೂರ್ತಿ ತಿನ್ನೋದಕ್ಕೆ ಹಿಡಿತ ಬೇಕು. ನಾನೂ ಅದನ್ನೇ ಪಾಲಿಸ್ತೀನಿ, ಚಳಿಗಾಲದ ಕೇಕ್‌ಗೆ ಕ್ಯಾಸಿಯಾ, ಮಿಕ್ಕ ದಿನ ಬೆಳಿಗ್ಗೆ ಓಟ್ಸ್ ಮೇಲೆ ಉದುರಿಸೋದಾದ್ರೆ ಸಿಲೋನ್, ಅದೂ ಚಿಟಿಕೆ. ಮನೇಲಿ ಚಿಕ್ಕ ಮಕ್ಕಳಿದ್ರೆ ಇದನ್ನ ಇನ್ನೂ ಜಾಸ್ತಿ ನೆನಪಿಡಿ, ಅವರ ತೂಕ ಕಮ್ಮಿ ಅಲ್ವಾ.

ಪುಡಿ ಮಾಡೋದು ಹೇಗೆ ಅಂತ ಕೇಳೇ ಕೇಳ್ತೀರ. ಚಕ್ಕೆನ ಕುಟ್ಟಾಣಿಯಲ್ಲಿ ಸಣ್ಣ ಚೂರು ಮಾಡಿ, ಸಣ್ಣ ಉರಿಯಲ್ಲಿ ಒಂದು ನಿಮಿಷ ಬರೀ ಬೆಚ್ಚಗೆ ಮಾಡಿ, ಹುರಿಯೋದಲ್ಲ, ತೇವ ಹೋಗೋಷ್ಟು. ಪೂರ್ತಿ ಆರಿದ್ಮೇಲೆ ಮಿಕ್ಸಿ ಚಿಕ್ಕ ಜಾರಲ್ಲಿ ಹಾಕಿ ತಿರುಗಿಸಿ, ಜರಡಿ ಹಿಡೀರಿ. ಜರಡಿ ಹಿಡಿಯೋದು ಬಿಡ್ಬೇಡಿ, ತರಿ ಉಳಿದ್ರೆ ಕೇಕ್ ತಿನ್ನುವಾಗ ಮರಳು ಸಿಕ್ಕಂಗೆ ಆಗತ್ತೆ. ಜರಡಿ ಮೇಲೆ ಉಳಿದ ತರಿನ ಸಕ್ಕರೆ ಡಬ್ಬಿಗೆ ಹಾಕಿಟ್ರೆ ಆ ಸಕ್ಕರೆನೇ ಘಮ ಹಿಡ್ಕೊಳ್ಳತ್ತೆ.

ಆಮೇಲೆ ಈ ಪುಡಿನ ಸೀದಾ ಮೈದಾಗೆ ಸುರೀಬೇಡಿ. ಈ ಎಣ್ಣೆಗಳು ನೀರಲ್ಲಿ ಕರಗಲ್ಲ, ಬೆಣ್ಣೆಲಿ ಕರಗ್ತವೆ. ಬೆಣ್ಣೆ ಸಣ್ಣ ಉರಿಲಿ ಕರಗಿಸಿ, ಸ್ಟವ್ ಆಫ್ ಮಾಡಿ, ಆಫ್ ಮಾಡಿದ ಮೇಲೇನೇ, ಮಸಾಲೆ ಹಾಕಿ ಒಂದು ಹತ್ತು ನಿಮಿಷ ಬಿಡಿ. ಉರಿ ಮೇಲಿದ್ದಾಗ ಹಾಕಿದ್ರೆ ತಳದಲ್ಲಿ ಸೀದು ಕಹಿ ಆಗತ್ತೆ. ಆ ಬಿಸಿ ಬೆಣ್ಣೆ ಮೇಲೆ ಪುಡಿ ಮೊದಲು ತೇಲ್ತಾ ಇರತ್ತೆ, ಆಮೇಲೆ ನಿಧಾನಕ್ಕೆ ನೆನೆದು ಕೆಳಗಿಳಿಯುತ್ತೆ, ಬೆಣ್ಣೆ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗತ್ತೆ, ಆಗ ಅಡಿಗೆಮನೆ ಬಾಗಿಲಲ್ಲಿ ಯಾರಾದ್ರೂ ಒಬ್ರು ಬಂದು ನಿಂತಿರ್ತಾರೆ, ಏನು ಮಾಡ್ತಿದೀಯ ಅಂತ.

ಅಳತೆ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. 250 ಗ್ರಾಂ ಮೈದಾಗೆ ಎರಡು ಟೀ ಚಮಚ ಚಕ್ಕೆ, ಒಂದು ಟೀ ಚಮಚ ಒಣಶುಂಠಿ, ಕಾಲು ಚಮಚ ಜಾಯಿಕಾಯಿ, ಲವಂಗ ಮಾತ್ರ ಕಾಲು ಚಮಚಕ್ಕಿಂತ ಕಮ್ಮಿನೇ. ಲವಂಗ ಒಂದು ಚೂರು ಜಾಸ್ತಿ ಆದ್ರೂ ಬಾಯಿ ಜುಮ್ ಅನ್ನತ್ತೆ, ಹಲ್ಲುನೋವಿನ ಔಷಧಿ ನೆನಪಾಗತ್ತೆ, ಬೇರೆ ಯಾವ ಮಸಾಲೆನೂ ಮೇಲೆ ಏಳೋಕೆ ಬಿಡಲ್ಲ. ಹಸಿಶುಂಠಿ ಹಾಕ್ಲಾ ಅಂತಾರೆ, ಹಾಕಿ, ಆದ್ರೆ ಅದು ಒಣಶುಂಠಿಗೆ ಬದಲಿ ಅಲ್ಲ. ಶುಂಠಿ ಒಣಗಿದಾಗ ಅದರ ಜಿಂಜರಾಲ್ ಅನ್ನೋ ಖಾರದ ಅಂಶ ಸ್ವಲ್ಪ ಶೋಗಾಲ್ ಅನ್ನೋ ಇನ್ನೊಂದಾಗಿ ಬದಲಾಗತ್ತೆ, ಅದು ಇನ್ನೂ ಖಾರ, ನಮ್ಗೆ ಬೇಕಾಗಿರೋ ಗಂಟಲು ಬೆಚ್ಚಗಾಗೋ ಖಾರ ಅದೇ.

ಯೀಸ್ಟ್ ಹಾಕಿ ರೋಲ್ ಮಾಡೋರು ಒಂದು ಕೇಳಿ. ನಾನು ಒಂದ್ಸಲ ಘಮ ಚೆನ್ನಾಗಿ ಬರ್ಲಿ ಅಂತ ಹಿಟ್ಟಿಗೇ ಎರಡು ದೊಡ್ಡ ಚಮಚ ಚಕ್ಕೆ ಪುಡಿ ಕಲಸಿಬಿಟ್ಟೆ, ಮೂರು ಗಂಟೆ ಕಾದೆ, ಹಿಟ್ಟು ಇದ್ದಲ್ಲೇ ಇತ್ತು, ತುಂಬಾ ಬೇಜಾರಾಯ್ತು. ಯೀಸ್ಟ್ ಹಾಳಾಗಿದೆ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅದೇ ಸಿನಮಾಲ್ಡಿಹೈಡ್ ಯೀಸ್ಟ್‌ನ ಅಡಗಿಸತ್ತೆ ಅಂತ. ಮರ ತನ್ನ ತೊಗಟೆ ಮೇಲೆ ಬೂಸ್ಟು ಹತ್ತದಿರ್ಲಿ ಅಂತ ಇಟ್ಕೊಂಡಿರೋ ಕಾವಲು ಅದು, ಯೀಸ್ಟೂ ಅದೇ ಜಾತಿ ತಾನೇ. ಹಿಟ್ಟು ಬರೀ ಹಿಟ್ಟಾಗಿರ್ಲಿ, ಚಕ್ಕೆ ಎಲ್ಲ ಬೆಣ್ಣೆ ಸಕ್ಕರೆ ಜೊತೆ ಒಳಗಡೆ ಹಚ್ಚೋದ್ರಲ್ಲಿ ಹೋಗ್ಲಿ.

ಕೊನೇದು, ಕೇಕ್ ಓವನ್‌ನಿಂದ ತೆಗೆದ ತಕ್ಷಣ ಕತ್ತರಿಸ್ಬೇಡಿ ಪ್ಲೀಸ್. ಚಾಕೊಲೇಟ್ ಕೇಕ್ ಆದ್ರೆ ಆವತ್ತೇ ತಿನ್ನಿ, ನಾನು ಏನೂ ಅನ್ನಲ್ಲ. ಮಸಾಲೆ ಕೇಕ್ ಆವತ್ತು ತಿಂದ್ರೆ ಲವಂಗ ಬೇರೆ, ಶುಂಠಿ ಬೇರೆ, ಚಕ್ಕೆ ಬೇರೆ, ಒಬ್ಬರಾದ್ಮೇಲೆ ಒಬ್ಬರು ಮಾತಾಡ್ತಾರೆ. ಪೂರ್ತಿ ಆರಿಸಿ, ಗಾಳಿ ಹೋಗದಂಗೆ ಸುತ್ತಿ, ಒಂದು ರಾತ್ರಿ ಇಟ್ರೆ ತೇವ ಎಲ್ಲ ಕಡೆ ಸಮ ಆಗತ್ತೆ, ಲವಂಗದ ಚೂಪು ಕಮ್ಮಿ ಆಗತ್ತೆ, ಎಲ್ಲ ಸೇರಿ ಒಂದೇ ರುಚಿ.

ಇಲ್ಲಿ ನನ್ನ ಪಕ್ಕದಲ್ಲಿ ಸುತ್ತಿಟ್ಟಿರೋದು ಕಾಣ್ತಿದ್ಯಲ್ಲ, ಮಧ್ಯಾಹ್ನ ಮೂರು ಗಂಟೆಗೆ ಓವನ್‌ನಿಂದ ತೆಗೆದಿದ್ದು. ಮನೇಲಿ ಎಲ್ರೂ ಎರಡೆರಡು ಸಲ ಬಂದು ಕೇಳಿ ಹೋದ್ರು. ನಾಳೆ ಬೆಳಿಗ್ಗೆ ಕಾಫಿ ಜೊತೆ ಕತ್ತರಿಸ್ತೀನಿ.