ಅಪ್ಪನ ಲಾ ಪುಸ್ತಕ, ಮಗಳ ಬಣ್ಣದ ಪುಸ್ತಕ

ನಮಸ್ಕಾರ. 1970ರ ದಶಕ, ಮಯಾಮಿಯ ಒಂದು ಸಣ್ಣ ಮನೆ. ಮೇಜಿನ ಈ ಕಡೆ ಅಪ್ಪ. ಮೇಷ್ಟ್ರಾಗಿದ್ದವರು, ಈಗ ವಕೀಲಿಕೆ ಓದುತ್ತಿದ್ದಾರೆ. ಮುಂದೆ ದಪ್ಪ ದಪ್ಪ ಲಾ ಪುಸ್ತಕಗಳು. ಆ ಕಡೆ ಪುಟ್ಟ ಮಗಳು ಚಿತ್ರಗಳಿಗೆ ಬಣ್ಣ ತುಂಬುತ್ತಾ ಕೂತಿದ್ದಾಳೆ. ಆ ಮಗಳೇ ಕೆಟಾಂಜಿ ಬ್ರೌನ್ ಜಾಕ್ಸನ್. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಯಾಗಿ ಬಂದ ಮೊದಲ ಕಪ್ಪು ಮಹಿಳೆ.

ಅದಕ್ಕೂ ಹಿಂದೆ ಬಾಲ್ಟಿಮೋರ್‌ನಲ್ಲಿ ಥರ್ಗುಡ್ ಮಾರ್ಷಲ್, ಮುಂದೆ ಅದೇ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಆದವರು. ಅವರಪ್ಪ ಲಾ ಓದಿದವರಲ್ಲ. ಆದರೆ ಕೋರ್ಟಿಗೆ ಹೋಗಿ ಕೇಸು ಕೇಳುವ ಹುಚ್ಚು. ಊಟಕ್ಕೆ ಕೂತರೆ ಮಗ ಆಡಿದ ಪ್ರತಿ ಮಾತಿಗೂ ಪುರಾವೆ ಕೇಳುತ್ತಿದ್ದರಂತೆ. ಶಾಲೆಯಲ್ಲಿ ತರಲೆ ಮಾಡಿದರೆ ಶಿಕ್ಷೆ ಏನು ಗೊತ್ತಾ? ಸಂವಿಧಾನ ಬಾಯಿಪಾಠ! ಪುಣ್ಯಕ್ಕೆ ಹುಡುಗ ತರಲೆ ಜಾಸ್ತಿಯೇ ಮಾಡಿದ. ತಮ್ಮ ಊರಿನ ಮೇರಿಲ್ಯಾಂಡ್ ಲಾ ಸ್ಕೂಲಿನಲ್ಲಿ ಕಪ್ಪು ಜನರಿಗೆ ಸೀಟಿಲ್ಲ. ವಾಷಿಂಗ್ಟನ್‌ನ ಹೋವರ್ಡ್ ಲಾ ಸ್ಕೂಲಿಗೆ ಸೇರಿದರು. ಫೀಸಿಗೆ ಅಮ್ಮ ಮದುವೆಯ ಉಂಗುರ ಅಡವಿಟ್ಟರು. 1933ರಲ್ಲಿ ಪಾಸು. 1935ರಲ್ಲಿ, ಗುರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಜೊತೆ ಕೇಸು ಗೆದ್ದು ಅದೇ ಮೇರಿಲ್ಯಾಂಡ್ ಸ್ಕೂಲಿನ ಬಾಗಿಲು ತೆರೆಸಿದರು!

ಇಬ್ಬರಿಗೂ ಕಾನೂನು ಮನೆಯೊಳಗೇ ಸಿಕ್ಕಿತು. ಆ ಅದೃಷ್ಟ ಎಷ್ಟು ಮಕ್ಕಳಿಗಿದೆ? ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನ ಹೆಚ್ಚುಕಡಿಮೆ ಶೇ. 13-14. ವಕೀಲರಲ್ಲಿ ಸುಮಾರು ಶೇ. 5. ಅಲ್ಲಿ ನಮ್ಮ ಹಾಗೆ ಪಿಯುಸಿ ಮುಗಿಸಿ ನೇರ ಲಾ ಸೇರುವ ದಾರಿಯೂ ಇಲ್ಲ. 4 ವರ್ಷ ಡಿಗ್ರಿ, ಎಲ್‌ಸ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ, 3 ವರ್ಷ ಲಾ, ಆಮೇಲೆ ಬಾರ್ ಪರೀಕ್ಷೆ. ಮನೆಯಲ್ಲಿ ಯಾರೂ ವಕೀಲರಿಲ್ಲದ 15ರ ಹುಡುಗಿಗೆ ಇದನ್ನೆಲ್ಲ ಹೇಳೋರು ಯಾರು? ಕಪ್ಪು ಮಕ್ಕಳನ್ನು ವಕೀಲಿಕೆಗೆ ತರೋಕೆ ಸ್ಕಾಲರ್‌ಶಿಪ್ ಬೇಕು, ಬೇಡ ಅನ್ನಲ್ಲ. ಆದರೆ ಅದು ಕೈಗೆ ಬರುವ ಹೊತ್ತಿಗೆ ಎಷ್ಟೋ ಮಕ್ಕಳು ಬೇರೆ ದಾರಿ ಹಿಡಿದಾಗಿರುತ್ತದೆ. ಇನ್ನು ವಕೀಲರು ವರ್ಷಕ್ಕೊಮ್ಮೆ ಕೋಟು ಹಾಕಿಕೊಂಡು ಶಾಲೆಗೆ ಬಂದು, ಭಾಷಣ ಮಾಡಿ, ಫೋಟೊ ತೆಗೆಸಿಕೊಂಡು ಹೋಗುವ ಕಾರ್ಯಕ್ರಮಗಳು... ಸುಮ್ನೆ.

ನನಗೆ ಹಿಡಿಸಿದ್ದು 1999ರಲ್ಲಿ ವಾಷಿಂಗ್ಟನ್‌ನಲ್ಲಿ ಶುರುವಾದ ಮಾರ್ಷಲ್-ಬ್ರೆನನ್ ಯೋಜನೆ. ಲಾ ವಿದ್ಯಾರ್ಥಿಗಳೇ ಸರ್ಕಾರಿ ಹೈಸ್ಕೂಲಿಗೆ ಹೋಗಿ ಸಂವಿಧಾನ ಕಲಿಸುತ್ತಾರೆ. ಪಾಠಕ್ಕೆ ವಿಷಯವೂ ಮಕ್ಕಳ ಬದುಕಿನದೇ. ಶಾಲೆಯವರು ನಿನ್ನ ಬ್ಯಾಗು ತೆಗೆದು ನೋಡಬಹುದಾ? ಪೊಲೀಸರ ಹಾಗೆ ಕೋರ್ಟಿನ ವಾರಂಟ್ ಬೇಡ, ಅನುಮಾನಕ್ಕೆ ತಕ್ಕ ಕಾರಣ ಇದ್ದರೆ ಸಾಕು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಸರಿ. ಆದರೆ ತಕ್ಕ ಕಾರಣ ಅಂದರೆ ಎಂಥದ್ದು? ಹುಡುಗ ‘ಹೂಡಿ’, ಅಂದರೆ ಟೋಪಿ ಇರುವ ಅಂಗಿ, ಹಾಕಿದ್ದು ಕಾರಣವಾ? ಹೇಳಿ ನೋಡೋಣ.